ಹಿಮಗಿರಿಯ ಹೂಗಳನ್ನು ಬರೆದ ಮೇರಿ ವಾಕ್ಸ್

ಉತ್ತರ ಅಮೆರಿಕ ಖಂಡದ ಪಶ್ಚಿಮ ಭಾಗದಲ್ಲಿ ಬಡಗಣಿಂದ ತೆಂಕಣಕ್ಕೆ ಗೋಡೆಯಂತೆ ಹಬ್ಬಿರುವ ರಾಕಿ ಪರ್ವತಗಳನ್ನು ನಮ್ಮ ವಿದ್ಯಾರ್ಥಿನಿಯರೆಲ್ಲರೂ ಭೂಪಟದಲ್ಲಿ ಕಂಡಿರುವರು. ಕೆನಡಾ ದೇಶಕ್ಕೆ ಸೇರಿದ ಅದರ ಭಾಗದಲ್ಲಿ ಎತ್ತರದ ಇಳಿಜಾರುಗಳು ವರ್ಷದ ಬಹುಕಾಲ ಹಿಮದಡಿಯಲ್ಲಿ ಹೂತುಹೋಗಿರುತ್ತವೆ. ಕಣಿವೆಯ ಹಿಮವು ಕರಗಿದಾಗ ಮೊದಲು ಕೆಳಗಿನ ಕಾಡಿನಲ್ಲಿ ಹೂವರಳುತ್ತದೆ; ಹಿಮದ ಅಂಚು ಮೇಲಕ್ಕೆ ಸರಿದಂತೆಲ್ಲಾ ಹೂವುಗಳೂ ಅದರ ಬೆನ್ನುಹತ್ತಿ ಬೆಟ್ಟವನ್ನು ಏರುತ್ತವೆ. ಆಗಸ್ಟ್ ಮುಗಿಯುವುದರೊಳಗಾಗಿ ಶಿಖರಗಳ ಸಮೀಪದ ಹುಲ್ಲುಗಾವಲುಗಳೂ ಅರಳಿ ಬಾಡಿ ಬೀಜವಾಗಬೇಕು, ಏಕೆಂದರೆ ಸೆಪ್ಟೆಂಬರಿನಲ್ಲಿ ಮರಳಿ ಹಿಮ ಬೀಳತೊಡಗುವುದು. ಈ ಅಲ್ಪಕಾಲದ ಹೂಗಾಲವನ್ನು ನೋಡಬಯಸುವವರು ಅದು ಬರುವ ತನಕ ಕಾದು, ಬಂದಾಗ ಕಾಲುದಾರಿಯಲ್ಲಿ ಅದರೊಡನೆ ಏರಿಹೋಗಬೇಕೇ ಹೊರತು ಬೇರೆ ಉಪಾಯವಿಲ್ಲ. ಹೀಗೆ ಬೇಸಗೆಯ ನಂತರ ಬೇಸಗೆಯನ್ನು ಆ ದಾರಿಗಳಲ್ಲಿ ಕಳೆದು, ಕಂಡ ಹೂಗಳನ್ನು ಕಂಡಷ್ಟೇ ಗಾತ್ರದಲ್ಲಿ ಬಣ್ಣದಿಂದ ಬರೆದು, ಅರುವತ್ತೈದನೆಯ ವಯಸ್ಸಿನಲ್ಲಿ ಅವನ್ನು ಗ್ರಂಥರೂಪವಾಗಿ ಲೋಕಕ್ಕೆ ಕೊಟ್ಟ ಒಬ್ಬ ಮಹಿಳೆಯ ಚರಿತ್ರೆಯನ್ನು ಈ ಸಂಚಿಕೆಯಲ್ಲಿ ಬರೆಯಲು ನಾವು ಉದ್ದೇಶಿಸಿದ್ದೇವೆ.

ಮೇರಿ ಮಾರಿಸ್ ವಾಕ್ಸ್ ಎಂಬ ಈಕೆಯು 1860ನೆಯ ಇಸವಿ ಜುಲೈ 31ರಂದು ಅಮೆರಿಕ ಸಂಯುಕ್ತ ಸಂಸ್ಥಾನದ ಫಿಲಡೆಲ್ಫಿಯಾ ನಗರದಲ್ಲಿ ಹುಟ್ಟಿದಳು. ತಂದೆ ಜಾರ್ಜ್ ವಾಕ್ಸ್ ಎಂಬವರು ಸ್ಥಿತಿವಂತರು. ಕುಟುಂಬವು ಕ್ವೇಕರ್ ಪಂಥಕ್ಕೆ ಸೇರಿದ್ದು. ಕ್ರೈಸ್ತರೊಳಗೆ ಮಿತ್ರರ ಸಮಾಜವೆಂಬ ಹೆಸರಿನಿಂದ ಕರೆಯಲ್ಪಡುವ ಈ ಪಂಥದವರು ಆಡಂಬರವಿಲ್ಲದೆ ಬದುಕುವುದನ್ನೂ ಮೌನವಾಗಿ ಕುಳಿತು ದೇವರನ್ನು ಆರಾಧಿಸುವುದನ್ನೂ ರೂಢಿಯಲ್ಲಿಟ್ಟುಕೊಂಡವರು. ಗಂಡುಮಕ್ಕಳಂತೆ ಹೆಣ್ಣುಮಕ್ಕಳಿಗೂ ಶಾಲೆ ಬೇಕೆಂದು ಬಹು ಹಿಂದೆಯೇ ಒಪ್ಪಿದವರು. ಎಂಟು ವರ್ಷದ ಬಾಲಿಕೆಯ ಕೈಗೆ ಒಂದು ಬಣ್ಣದ ಪೆಟ್ಟಿಗೆಯು ಬಂದಿತಂತೆ. ಅಂದಿನಿಂದ ಹೂವಿನ ಚಿತ್ರ ಬರೆಯುವುದು ಆಕೆಯ ವಿನೋದವಾಯಿತು. ತನ್ನ ಪಂಥದವರು ನಡೆಸುತ್ತಿದ್ದ ಶಾಲೆಯಲ್ಲಿ ಓದಿ 1879ರಲ್ಲಿ ಅಲ್ಲಿಯ ಶಿಕ್ಷಣವನ್ನು ಪೂರೈಸಿದಳು.

ಮರುವರ್ಷವೇ ತಾಯಿಯು ತೀರಿಕೊಂಡರು. ಮೇರಿಗೆ ಆಗ ಸುಮಾರು ಇಪ್ಪತ್ತು ವರ್ಷ ವಯಸ್ಸು. ಜಾರ್ಜ್ ಎಂಬ ತಮ್ಮನಿಗೆ ಸುಮಾರು ಹದಿನೇಳು, ಕಿರಿಯವನಾದ ವಿಲಿಯಂಗೆ ಸುಮಾರು ಎಂಟು. ಮನೆಯ ಕೀಲಿಕೈಗಳು ಹಿರಿಯ ಮಗಳ ಪಾಲಿಗೆ ಬಂದವು. ತಂದೆಯ ಊಟೋಪಚಾರ, ತಮ್ಮಂದಿರ ಪೋಷಣೆ, ಹೈನು ಹಸುಗಳಿದ್ದ ಕುಟುಂಬದ ಹೊಲಮನೆಯ ಮೇಲ್ವಿಚಾರಣೆ, ಇವೆಲ್ಲವೂ ಆಕೆಯದಾದವು. ತಮ್ಮಂದಿರು ಮುಂದಕ್ಕೆ ಓದಿ ಒಬ್ಬನು ವಕೀಲನೂ ಮತ್ತೊಬ್ಬನು ಇಂಜಿನಿಯರನೂ ಆದರು. ಅಕ್ಕನು ಕಾಲೇಜಿನ ಮೆಟ್ಟಲನ್ನು ತುಳಿಯಲೇ ಇಲ್ಲ.

ಇಲ್ಲಿ ನಾವು ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆವು. ಇಂಥ ಚರಿತ್ರೆಗಳನ್ನು ಬರೆಯುವವರು ಈ ಸಂದರ್ಭದಲ್ಲಿ ತ್ಯಾಗ, ಪಿತೃಭಕ್ತಿ ಮುಂತಾದ ಪದಗಳನ್ನು ಧಾರಾಳವಾಗಿ ಉಪಯೋಗಿಸುವುದುಂಟು. ಮೇರಿಯು ತನ್ನವರನ್ನು ಪ್ರೀತಿಯಿಂದಲೇ ನೋಡಿಕೊಂಡಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ತಾಯಿಯಿಲ್ಲದ ಮನೆಗಾಗಿ ಶಾಲೆಯನ್ನು ಬಿಟ್ಟುಹೋದ ಹುಡುಗಿಯರ ಹೆಸರುಗಳನ್ನು ಹಾಜರಿ ಪುಸ್ತಕದಿಂದ ನಮ್ಮ ಕೈಯಾರೆ ತೆಗೆದುಹಾಕಿದವರು ನಾವು. ಅವರನ್ನು ಯಾರೂ ಕೇಳಿ ಕಳುಹಿಸಿಕೊಂಡದ್ದಲ್ಲ. ಮೇರಿಯ ಆ ಮೂವತ್ತಕ್ಕೂ ಮಿಕ್ಕಿದ ವರ್ಷಗಳನ್ನು ತ್ಯಾಗವೆಂದು ಹೊಗಳುವುದಕ್ಕಿಂತ, ಆ ವರ್ಷಗಳಲ್ಲಿ ತನಗೆ ಉಳಿದ ಅಲ್ಪಕಾಲವನ್ನು ಆಕೆಯು ಏನು ಮಾಡಿದಳೆಂಬುದನ್ನು ವಿಚಾರಿಸುವುದೇ ನಮಗೆ ಮುಖ್ಯವಾಗಿ ತೋರುತ್ತದೆ.

ಉಳಿದದ್ದು ಬೇಸಗೆ. ಕೆನಡಾ ದೇಶವನ್ನು ಅಡ್ಡಹಾಯ್ದು ಹೋಗುವ ಪೆಸಿಫಿಕ್ ರೈಲುಮಾರ್ಗವು 1885ರಲ್ಲಿ ಪೂರ್ಣಗೊಂಡಿತ್ತು. 1887ರಲ್ಲಿ ತಂದೆಯೂ ಮಕ್ಕಳೂ ಪಶ್ಚಿಮದ ಪ್ರವಾಸ ಕೈಕೊಂಡು ಆ ರೈಲಿನಲ್ಲಿ ಪ್ರಯಾಣಮಾಡುತ್ತಾ ಸೆಲ್ಕರ್ಕ್ ಪರ್ವತಗಳ ನಡುವೆ ಗ್ಲೇಷಿಯರ್ ಹೌಸ್ ಎಂಬ ಪ್ರವಾಸಿಗೃಹದಲ್ಲಿ ಇಳಿದುಕೊಂಡರು. ಆ ಗೃಹದಿಂದ ಸ್ವಲ್ಪ ದೂರ ಕಾಡಿನ ದಾರಿಯಲ್ಲಿ ನಡೆದರೆ ಇಲ್ಲೆಸಿಲ್ಲೆವೆಟ್ ಎಂಬ ಮಹಾ ಹಿಮನದಿಯ ತುದಿಯನ್ನು ಮುಟ್ಟಬಹುದಾಗಿತ್ತು. ಹಿಮನದಿಯೆಂದರೆ ಶತಮಾನಗಳಿಂದ ಬಿದ್ದ ಹಿಮವು ತನ್ನ ಭಾರದಿಂದಲೇ ಗಟ್ಟಿಯಾಗಿ ಗಾಜಿನಂತಾಗಿ, ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಕೆಳಕ್ಕೆ ಹರಿಯುವ ಪ್ರವಾಹ. ಅಕ್ಕ ತಮ್ಮಂದಿರು ಗಾಜಿನ ಫಲಕಗಳ ಮೇಲೆ ಅದರ ಛಾಯಾಚಿತ್ರಗಳನ್ನು ತೆಗೆದುಕೊಂಡು ಊರಿಗೆ ಮರಳಿದರು.

ಏಳು ವರ್ಷಗಳ ತರುವಾಯ, 1894ರಲ್ಲಿ, ಪುನಃ ಅಲ್ಲಿಗೆ ಹೋದಾಗ ಹಿಮದ ತುದಿಯು ಹಿಂದಿದ್ದ ಸ್ಥಳದಲ್ಲಿ ಇರಲಿಲ್ಲ. ಅದು ಬಹಳಷ್ಟು ಹಿಂದಕ್ಕೆ ಸರಿದು, ಮೊದಲು ಮಂಜುಗಡ್ಡೆಯಿದ್ದಲ್ಲಿ ಬರಿಯ ಕಲ್ಲುಗಳು ಕಾಣುತ್ತಿದ್ದವು. ಸಾಮಾನ್ಯ ಪ್ರವಾಸಿಗಳಾಗಿದ್ದರೆ ಆಶ್ಚರ್ಯಪಟ್ಟು ಸುಮ್ಮನಾಗುತ್ತಿದ್ದರು. ಇವರಾದರೋ ತಮ್ಮ ಹಳೆಯ ಚಿತ್ರಗಳಿಗೂ ಎದುರಿನ ದೃಶ್ಯಕ್ಕೂ ಇರುವ ಅಂತರವನ್ನು ಅಳೆಯಲು ನಿಶ್ಚಯಿಸಿದರು. ಬಂಡೆಗಳ ಮೇಲೆ ಗುರುತು ಮಾಡಿ ಅಲ್ಲಿಂದ ಹಿಮದ ತುದಿಯ ದೂರವನ್ನು ಅಳೆದರು; ಹಿಮನದಿಯ ಮೇಲೆ ಉಕ್ಕಿನ ತಟ್ಟೆಗಳನ್ನು ಸಾಲಾಗಿ ಇಟ್ಟು, ಅವು ಎಷ್ಟು ಮುಂದಕ್ಕೆ ಸಾಗಿದವೆಂಬುದರಿಂದ ಹಿಮದ ಚಲನೆಯ ವೇಗವನ್ನು ಲೆಕ್ಕಹಾಕಿದರು; ಒಂದೇ ನೆಲೆಯಲ್ಲಿ ನಿಂತು ಮತ್ತೆ ಮತ್ತೆ ಛಾಯಾಚಿತ್ರ ತೆಗೆದರು. ಆ ದೇಶದ ಹಿಮನದಿಗಳನ್ನು ಕ್ರಮವಾಗಿ ಅಳೆಯುವ ಕೆಲಸಕ್ಕೆ ಮೊದಲಿಗರಾದವರಲ್ಲಿ ಈ ಕುಟುಂಬದವರೂ ಸೇರಿದ್ದರು. ಗಾಜಿನ ಫಲಕಗಳನ್ನು ಕತ್ತಲೆ ಕೋಣೆಯಲ್ಲಿ ತೊಳೆದು ಚಿತ್ರ ಮೂಡಿಸುವ ಕೆಲಸದಲ್ಲಿ ಮೇರಿಯದು ದೊಡ್ಡ ಪಾಲು. ವರದಿಗಳನ್ನು ಬರೆದು ವಿದ್ವಾಂಸರ ಮುಂದಿಟ್ಟವರು ತಮ್ಮಂದಿರು, ವಿಶೇಷವಾಗಿ ವಿಲಿಯಂ. 1908ರಲ್ಲಿ ವಿಲಿಯಂ ಅಕಾಲಮರಣಕ್ಕೆ ತುತ್ತಾದ ಮೇಲೆಯೂ ಮೇರಿಯು ಕೆಲವು ವರ್ಷಗಳವರೆಗೆ ಆ ಅಳತೆಯನ್ನು ನಿಲ್ಲಿಸಲಿಲ್ಲ.

ಪರ್ವತವೆಂದರೆ ಗಂಡಸರ ಸೊತ್ತೆಂಬ ಭಾವನೆಯು ಆ ಕಾಲದಲ್ಲಿ ಪ್ರಬಲವಾಗಿತ್ತು. ಲಂಡನಿನ ಪ್ರಸಿದ್ಧವಾದ ಪರ್ವತಾರೋಹಿಗಳ ಸಂಘವು 1970ರ ದಶಕದವರೆಗೂ ಸ್ತ್ರೀಯರನ್ನು ಸೇರಿಸಿಕೊಳ್ಳಲಿಲ್ಲವೆಂದರೆ ನಮ್ಮ ಓದುಗರು ನಂಬಲಿಕ್ಕಿಲ್ಲ. ಮೇರಿಯು ಸ್ವಭಾವದಿಂದ ವಾದಮಾಡುವವಳಾಗಿರಲಿಲ್ಲ. ಏರುವುದು ಆಕೆಗೆ ಹೆಚ್ಚು ಇಷ್ಟವಾಗಿತ್ತು. 1900ನೆಯ ಇಸವಿಯ ಬೇಸಗೆಯಲ್ಲಿ, ಫೀಲ್ಡ್ ಎಂಬ ರೈಲ್ವೆ ಗ್ರಾಮದ ನೆತ್ತಿಯ ಮೇಲೆ ಎದ್ದುನಿಂತಿರುವ ಸ್ಟೀಫನ್ ಶಿಖರವನ್ನು ಆಕೆಯು ಏರಿದಳು. ಅದರ ಎತ್ತರ ಸುಮಾರು 10,500 ಅಡಿ. ಕೆನಡಾ ದೇಶದಲ್ಲಿ ಹತ್ತು ಸಾವಿರ ಅಡಿಗೂ ಮಿಕ್ಕಿದ ಶಿಖರವನ್ನು ಮುಟ್ಟಿದ ಪ್ರಥಮ ಸ್ತ್ರೀಯೆಂಬ ಕೀರ್ತಿಯು ಹೀಗೆ ನಾಲ್ವತ್ತರ ಹೊಸ್ತಿಲಲ್ಲಿದ್ದ, ಮನೆವಾರ್ತೆಯ ಹೆಂಗಸೊಬ್ಬಳಿಗೆ ದೊರೆಯಿತು. 1906ರಲ್ಲಿ ಸ್ಥಾಪಿತವಾದ ಕೆನಡಾ ಪರ್ವತ ಸಂಘವು ಮೊದಲ ದಿನದಿಂದಲೂ ಸ್ತ್ರೀಯರಿಗೆ ಬಾಗಿಲು ತೆರೆದಿತ್ತು. ಅದರ ಪತ್ರಿಕೆಯ ಮೊದಲ ಸಂಪುಟದಲ್ಲಿಯೇ, 1907ರಲ್ಲಿ, ಬೆಟ್ಟಗಳಲ್ಲಿ ಡೇರೆ ಹಾಕಿ ವಾಸಿಸುವ ಕ್ರಮವನ್ನು ಕುರಿತು ಮೇರಿಯು ಲೇಖನ ಬರೆದಳು. ನೆಲವನ್ನು ಗುಡಿಸುವ ಉದ್ದ ಲಂಗವನ್ನುಟ್ಟು ಕಲ್ಲುದಾರಿಯನ್ನು ಹತ್ತಬೇಕಾಗಿದ್ದ ಆ ಕಾಲದ ಹೆಂಗಸರ ಕಷ್ಟವನ್ನು ಓದುಗರು ಊಹಿಸಿಕೊಳ್ಳಬಹುದು. ಮೇರಿಯಾದರೋ ಮೊಣಕಾಲಿನ ಕೆಳಗೆ ಬಿಗಿಯುವ ಚಲ್ಲಣವನ್ನೂ ಗಟ್ಟಿ ಬೂಟುಗಳನ್ನೂ ಧರಿಸಿ ಬೆಟ್ಟದಲ್ಲಿ ನಡೆದಳು.

ಹೂವುಗಳ ಕಡೆಗೆ ಆಕೆಯ ಮನಸ್ಸು ಪೂರ್ಣವಾಗಿ ತಿರುಗಿದ್ದು ಒಂದು ಸಣ್ಣ ಸಂಗತಿಯಿಂದೆಂದು ಹೇಳುತ್ತಾರೆ. ಒಂದು ಬೇಸಗೆಯಲ್ಲಿ ಒಬ್ಬ ಸಸ್ಯಶಾಸ್ತ್ರಜ್ಞರಿಗೆ ಅಪರೂಪವಾದ ಆರ್ನಿಕಾ ಜಾತಿಯ ಹಳದಿ ಹೂವೊಂದು ದೊರೆಯಿತು. ಅದರ ಚಿತ್ರವನ್ನು ಬರೆದುಕೊಡಬೇಕೆಂದು ಅವರು ಮೇರಿಯನ್ನು ಕೇಳಿದರು. ಆಕೆಯು ಬರೆದುಕೊಟ್ಟ ಚಿತ್ರವನ್ನು ನೋಡಿ ಇದೇ ಕೆಲಸವನ್ನು ಮುಂದುವರಿಸುವಂತೆ ಪ್ರೋತ್ಸಾಹಿಸಿದರು. ಅಂದಿನಿಂದ ಆಕೆಯ ಸಾಮಾನಿನಲ್ಲಿ ಬಣ್ಣದ ಪೆಟ್ಟಿಗೆಯಿಲ್ಲದ ಪ್ರಯಾಣವಿರಲಿಲ್ಲ.

ಹೂವನ್ನು ಶಾಸ್ತ್ರಕ್ಕೆ ಒಪ್ಪುವಂತೆ ಬರೆಯುವುದು ಎಷ್ಟು ಕಷ್ಟವೆಂಬುದು ಸಸ್ಯಶಾಸ್ತ್ರದ ನೋಟುಪುಸ್ತಕದಲ್ಲಿ ದಾಸವಾಳವನ್ನು ಬರೆದು ಅಧ್ಯಾಪಿಕೆಯರಿಂದ ಹಿಂದಕ್ಕೆ ಪಡೆದ ನಮ್ಮ ಹುಡುಗಿಯರಿಗೆ ತಿಳಿಯದ ವಿಷಯವಲ್ಲ. ಎಸಳುಗಳು ಎಷ್ಟು, ಕೇಸರಗಳು ಎಲ್ಲಿಂದ ಹುಟ್ಟಿವೆ, ಎಲೆಯ ಅಂಚು ನಯವೋ ಗರಗಸವೋ, ಕಾಂಡದ ಮೇಲೆ ರೋಮವಿದೆಯೋ ಇಲ್ಲವೋ, ಇವುಗಳಲ್ಲಿ ಯಾವುದನ್ನೂ ಅಂದಕ್ಕಾಗಿ ಬದಲಾಯಿಸುವಂತಿಲ್ಲ. ಅದರ ಮೇಲೆ ಬೆಟ್ಟದ ಹೂವು ಕಿತ್ತ ಗಳಿಗೆಯಿಂದಲೇ ಬಾಡತೊಡಗುವುದು. ಒಣಗಿಸಿ ಕಾಗದದ ನಡುವೆ ಇಟ್ಟರೆ ಆಕಾರವುಳಿದರೂ ಬಣ್ಣವು ಹೋಗುವುದು. ಆದುದರಿಂದ ಮೇರಿಯು ಜೀವಂತ ಹೂವನ್ನು ಎದುರಿಗಿಟ್ಟುಕೊಂಡು, ಅದರ ನಿಜವಾದ ಗಾತ್ರದಲ್ಲಿಯೇ, ಜಲವರ್ಣದಿಂದ ಬೇಗಬೇಗನೆ ಬರೆಯುವ ಕ್ರಮವನ್ನಿಟ್ಟುಕೊಂಡಳು. ಮಳೆ ಬಂದರೆ ಡೇರೆಯೊಳಗೆ. ಎತ್ತರದ ಕಣಿವೆಬಾಗಿಲುಗಳಲ್ಲಿ ಗಾಳಿಗೆ ಬೆರಳುಗಳು ಸೆಟೆದುಹೋದಾಗ ಬೆಂಕಿ ಹಾಕಿ ಕೈ ಕಾಯಿಸಿಕೊಂಡು ಪುನಃ ಕುಂಚವನ್ನು ಹಿಡಿಯುವಳು. ಆಕೆಯ ಚಿತ್ರಗಳಲ್ಲಿ ಹಿನ್ನೆಲೆಯ ಬೆಟ್ಟವಾಗಲಿ ಮೋಡವಾಗಲಿ ಇಲ್ಲ. ಬಿಳಿಯ ಕಾಗದದ ಮೇಲೆ ಗಿಡದ ಒಂದು ರೆಂಬೆ, ಅಷ್ಟೆ. ಅವನ್ನು ನೋಡುವವರಿಗೆ ಮೊದಲು ಬರಿದೆನಿಸಬಹುದು. ಸ್ವಲ್ಪ ಹೊತ್ತು ನೋಡಿದರೆ ಬೇರೇನೂ ಬೇಡವೆಂದು ತಿಳಿಯುವುದು.

ಆ ದಾರಿಗಳಲ್ಲಿ ಏನೇನು ಅರಳುತ್ತದೆಂಬುದನ್ನು ಇಲ್ಲಿ ಕೊಂಚ ವಿಸ್ತಾರವಾಗಿ ಹೇಳಿದರೆ ತಪ್ಪಾಗಲಾರದು. ಕಣಿವೆಯ ಪೈನ್ ಮತ್ತು ಸ್ಪ್ರೂಸ್ ಮರಗಳ ನೆರಳಿನಲ್ಲಿ, ಪಾಚಿಯ ಹಾಸಿನ ಮೇಲೆ, ಜೂನ್ ಆರಂಭದಲ್ಲಿ ಕ್ಯಾಲಿಪ್ಸೊ ಎಂಬ ಸೀತಾಳೆಯ ಜಾತಿಯ ಹೂವು ಕಾಣುವುದು: ಗೇಣುದ್ದದ ಕಾಂಡ, ಒಂದೇ ಎಲೆ, ನಸುಗೆಂಪಿನ ಒಂದೇ ಹೂವು. ಜೊತೆಯಲ್ಲಿಯೇ, ಒಂದು ಕಡ್ಡಿಗೆ ಎರಡೆರಡಾಗಿ ತಲೆತಗ್ಗಿಸಿ ತೂಗುವ ಲಿನೇಯಾ ಎಂಬ ಸಣ್ಣ ಗಂಟೆಹೂಗಳು. ಸ್ವೀಡನ್ ದೇಶದ ಸಸ್ಯಶಾಸ್ತ್ರಜ್ಞ ಲಿನೇಯಸರ ಹೆಸರನ್ನು ಪಡೆದ ಬಳ್ಳಿ ಅದು. ದಾರಿಯು ಮರಗಳ ಎಲ್ಲೆಯನ್ನು ದಾಟಿದೊಡನೆ ಹಿಮದ ಅಂಚು ಎದುರಾಗುವುದು. ಅಲ್ಲಿ ಹಳದಿ ಬಣ್ಣದ ಹಿಮಲಿಲ್ಲಿಗಳು ಹಿಮ ಕರಗಿ ಮುಗಿಯುವುದನ್ನೂ ಕಾಯದೆ, ತೆಳ್ಳಗಾದ ಹಿಮದ ಪದರವನ್ನೇ ತೂರಿಕೊಂಡು ಮೇಲೇಳುವುವು. ಅವುಗಳ ಗೆಡ್ಡೆಗಳನ್ನು ಕರಡಿಗಳು ಅಗೆದು ತಿನ್ನುವುದುಂಟು. ಬಿಳಿಯ ಅನಿಮೋನೆಗಳು ಅರಳಿ ಎಸಳುದುರಿದ ಮೇಲೆ ಅವುಗಳ ಬೀಜಕ್ಕೆ ಉದ್ದವಾದ ರೇಷ್ಮೆಯ ಕೂದಲು ಬರುವುದರಿಂದ, ಆಗಸ್ಟಿನಲ್ಲಿ ಹುಲ್ಲುಗಾವಲು ತುಂಬಾ ನರೆತಲೆಯ ಮುದುಕರು ಕುಳಿತಂತೆ ತೋರುವುದು. ಅವುಗಳ ನಡುವೆ ಬಣ್ಣದಲ್ಲಿ ಅದ್ದಿದ ಕುಂಚದಂತೆ ಕಾಣುವ ಕೆಂಪು ಹೂವೊಂದಿದೆ. ಇಂಗ್ಲಿಷಿನಲ್ಲಿ ಅದಕ್ಕೆ ಪೇಂಟ್‌ಬ್ರಷ್ ಎಂದೇ ಹೆಸರು. ಆದರೆ ಆ ಕೆಂಪು ಎಸಳುಗಳದ್ದಲ್ಲ, ಹೂವನ್ನು ಸುತ್ತಿರುವ ಎಲೆಗಳದ್ದು. ನಮ್ಮ ಕಡೆಯ ಕಾಗದದ ಹೂವಿನಲ್ಲಿ ಇರುವುದೂ ಹೀಗೆಯೇ.

ಇನ್ನೂ ಮೇಲೆ ಹುಲ್ಲು ನಿಂತುಹೋಗಿ ಬರಿಯ ಕಲ್ಲುಚೂರುಗಳ ಇಳಿಜಾರು. ಅಲ್ಲಿಯ ಗಿಡಗಳಲ್ಲಿ ನಾವು ಹೆಚ್ಚು ಮೆಚ್ಚುವುದು ಮಾಸ್ ಕ್ಯಾಂಪಿಯನ್ ಎಂಬುದನ್ನು. ನೆಲಕ್ಕಂಟಿದ ಹಸುರು ದಿಂಬಿನಂತಿರುವ ಈ ಗಿಡವು ಗಾಳಿಗೆ ತಲೆಯೆತ್ತುವುದಿಲ್ಲ. ಮೊದಲ ಕೆಲವು ವರ್ಷಗಳಲ್ಲಿ ಅದು ತನ್ನ ಬಲವನ್ನೆಲ್ಲಾ ಬೇರನ್ನು ಆಳಕ್ಕೆ ಇಳಿಸುವುದರಲ್ಲಿಯೇ ವ್ಯಯಮಾಡುತ್ತದೆ. ಬೀಜದಿಂದ ಮೊಳೆತದ್ದು ಹೂಬಿಡಲು ಹತ್ತು ವರ್ಷಗಳಾಗುವುದೂ ಉಂಟು. ಆಮೇಲೆ ಆ ದಿಂಬಿನ ತುಂಬಾ ಗುಲಾಬಿ ಬಣ್ಣದ ಸಣ್ಣ ಹೂಗಳು ಏಳುತ್ತವೆ.

ಈ ಚರಿತ್ರೆಯನ್ನು ಓದಿ, ಮನಸ್ಸಿದ್ದರೆ ಯಾರಾದರೂ ಇದನ್ನು ಮಾಡಬಹುದಾಗಿತ್ತೆಂದು ನಮ್ಮ ಹುಡುಗಿಯರು ತಿಳಿಯುವುದು ನಮಗೆ ಬೇಡ. ಮೇರಿಯ ತಂದೆಯಲ್ಲಿ ಹಣವಿತ್ತು. ಖಂಡವನ್ನು ದಾಟಿಹೋಗುವ ರೈಲಿನ ಟಿಕೇಟು, ತಿಂಗಳುಗಟ್ಟಲೆ ಪ್ರವಾಸಿಗೃಹದ ವಾಸ, ಹೇರುಕುದುರೆಗಳು, ಅವುಗಳನ್ನು ನಡೆಸುವ ಆಳುಗಳು, ಅಡಿಗೆಯವನು, ಇವೆಲ್ಲವುಗಳಿಗೆ ದುಡ್ಡು ಬೇಕು. ಹಾಗೆಯೇ ಆ ದಾರಿಗಳಲ್ಲಿ ಹೆಚ್ಚಿನವು ಅಲ್ಲಿಯ ಮೂಲನಿವಾಸಿಗಳು ಬೇಟೆಗಾಗಿಯೂ ವ್ಯಾಪಾರಕ್ಕಾಗಿಯೂ ನಡೆದು ಮಾಡಿದ ದಾರಿಗಳು. ರೈಲು ಬಂದ ನಂತರ ಬಂದವರು ಅವನ್ನು ಕಂಡುಹಿಡಿದೆವೆಂದುಕೊಂಡರು. ಇಷ್ಟನ್ನು ಒಪ್ಪಿಕೊಂಡ ಮೇಲೂ ಒಂದು ಮಾತು ಉಳಿಯುತ್ತದೆ. ಆ ಹಣವಿದ್ದ, ಆ ರೈಲಿನಲ್ಲಿ ಬಂದ, ಹೂಗಳ ಚಿತ್ರ ಬರೆಯಲು ಕಲಿತ ಯುವತಿಯರು ಬೇರೆಯೂ ಬಹಳ ಮಂದಿಯಿದ್ದರು. ಅವರಲ್ಲಿ ಬಹುತೇಕರ ಚಿತ್ರಗಳು ಮನೆಯ ಗೋಡೆಯನ್ನು ದಾಟಲಿಲ್ಲ. ಈ ಮಾತಿಗೆ ಹೊರತಾದವರಲ್ಲಿ ಮೇರಿಯ ಗೆಳತಿಯಾದ ಮೇರಿ ಷೆಫರ್ ಎಂಬ ಮತ್ತೊಬ್ಬ ಕ್ವೇಕರ್ ಮಹಿಳೆಯು ಮುಖ್ಯಳು. ಆಕೆಯ ಚಿತ್ರಗಳಿದ್ದ ರಾಕಿ ಪರ್ವತಗಳ ಸಸ್ಯಗ್ರಂಥವು 1907ರಲ್ಲಿಯೇ ಪ್ರಕಟವಾಯಿತು. 1908ರಲ್ಲಿ ಮಲೀನ್ ಸರೋವರವನ್ನು ತಲಪಿದಾಗ ಅದರ ಸಮೀಪದ ಶಿಖರವೊಂದಕ್ಕೆ ಗೆಳತಿಯ ಹೆಸರನ್ನಿಟ್ಟವಳೂ ಆಕೆಯೇ.

ಇನ್ನು ಮದುವೆಯ ವಿಷಯ. ಚಾರ್ಲ್ಸ್ ಡೂಲಿಟ್ಲ್ ವಾಲ್ಕಾಟರು ವಾಷಿಂಗ್ಟನ್ ನಗರದಲ್ಲಿರುವ ಸ್ಮಿತ್ಸೋನಿಯನ್ ಎಂಬ ಪ್ರಖ್ಯಾತ ವಿಜ್ಞಾನಸಂಸ್ಥೆಗೆ 1907ರಿಂದ ಕಾರ್ಯದರ್ಶಿಯಾಗಿದ್ದರು. ಆ ಸಂಸ್ಥೆಯಲ್ಲಿ ಕಾರ್ಯದರ್ಶಿಯೇ ಮುಖ್ಯಸ್ಥರು. ಬಂಡೆಗಳೊಳಗೆ ಅಚ್ಚೊತ್ತಿ ಉಳಿದಿರುವ ಪ್ರಾಚೀನ ಜೀವಿಗಳ ಅವಶೇಷಗಳನ್ನು ಹುಡುಕುವುದರಲ್ಲಿ ಅವರ ಜೀವಮಾನವು ಸವೆದಿತ್ತು. 1909ರಲ್ಲಿ ಫೀಲ್ಡ್ ಗ್ರಾಮದ ಮೇಲಿನ ಬರ್ಜಸ್ ಕಣಿವೆದಾರಿಯ ಬಳಿ ಅವರು ಕಂಡುಹಿಡಿದ ಪದರಗಲ್ಲುಗಳಲ್ಲಿ ಐವತ್ತು ಕೋಟಿ ವರ್ಷಗಳಿಗೂ ಹಿಂದಿನ ಕಡಲಪ್ರಾಣಿಗಳ ಮೃದುವಾದ ಅಂಗಗಳ ಗುರುತು ಕೂಡ ಉಳಿದಿದೆ. ಈ ಮಹಾವಿದ್ವಾಂಸರೂ ಕಾಲೇಜಿನಲ್ಲಿ ಓದಿದವರಲ್ಲ. ಹೈಸ್ಕೂಲನ್ನೇ ಪೂರ್ತಿ ಮುಗಿಸಿರಲಿಲ್ಲ. 1911ರಲ್ಲಿ ರೈಲು ಅಪಘಾತದಲ್ಲಿ ಪತ್ನಿಯನ್ನು ಕಳೆದುಕೊಂಡಿದ್ದರು. ಬೆಟ್ಟದ ದಾರಿಗಳಲ್ಲಿ ಬೆಳೆದ ಪರಿಚಯವು ವಿವಾಹದ ಮಾತಿನವರೆಗೆ ಬಂದಾಗ ಮೇರಿಯ ತಂದೆಯು ಬಲವಾಗಿ ವಿರೋಧಿಸಿದರು. ಮಗಳಿಗೆ ಐವತ್ಮೂರು ವರ್ಷ, ವರನಿಗೆ ಅರುವತ್ತನಾಲ್ಕು. ಮೂವತ್ತನಾಲ್ಕು ವರ್ಷ ಮನೆಯನ್ನು ನಡೆಸಿದವಳು ಮನೆಯನ್ನು ಬಿಡುವುದು ಅವರಿಗೆ ಸಹಿಸಲಿಲ್ಲ.

1914ನೆಯ ಇಸವಿ ಜೂನ್ 30ರಂದು ವಿವಾಹವು ನಡೆಯಿತು. ತಂದೆಯ ಮಾತನ್ನು ಮೀರಿದ್ದು ಸರಿಯೇ ಎಂದು ಕೇಳುವವರಿದ್ದಾರೆ. ತಂದೆತಾಯಿಗಳನ್ನು ಸನ್ಮಾನಿಸಬೇಕೆಂಬ ಆಜ್ಞೆಯನ್ನು ನಾವು ಪ್ರತಿದಿನ ಬೋಧಿಸುವವರೇ. ಆದರೆ ಸನ್ಮಾನಕ್ಕೂ ಸೆರೆಗೂ ಭೇದವುಂಟು. ಮೇರಿಯು ಸರಿಯಾಗಿಯೇ ಮಾಡಿದಳೆಂಬುದು ನಮ್ಮ ಅಭಿಪ್ರಾಯ. ತಂದೆಯು ಮರುವರ್ಷ ನಿಧನರಾದರು.

ಅಲ್ಲಿಂದ ಮುಂದೆ ಬೇಸಗೆಗಳು ಉದ್ದವಾದವು. ಮೊದಲು ಮನೆವಾರ್ತೆಯ ನಡುವೆ ಬಿಡುವು ಮಾಡಿಕೊಂಡು ಬರುತ್ತಿದ್ದವಳು ಈಗ ವರ್ಷಕ್ಕೆ ಮೂರು ನಾಲ್ಕು ತಿಂಗಳು ಗಂಡನೊಡನೆ ಪರ್ವತಗಳಲ್ಲಿಯೇ ಇರುತ್ತಿದ್ದಳು. ಕುದುರೆಗಳ ಸಾಲು ಮುಂದೆ ಹೋಗುತ್ತಿದ್ದಂತೆ ವಾಲ್ಕಾಟರು ಬಂಡೆಯ ಪದರಗಳನ್ನು ಪರೀಕ್ಷಿಸುವರು, ಮೇರಿಯು ಅವೇ ಬಂಡೆಗಳ ಬಿರುಕಿನಲ್ಲಿ ಅರಳಿದ್ದನ್ನು ನೋಡುವಳು. ಸಂಜೆ ಡೇರೆಯಲ್ಲಿ ಒಬ್ಬರ ಮುಂದೆ ಕಲ್ಲು, ಇನ್ನೊಬ್ಬರ ಮುಂದೆ ಹೂವು. ಇಂಥ ಹತ್ತು ಬೇಸಗೆಗಳಲ್ಲಿ ಆಕೆಯು ದಾರಿ ನಡೆದದ್ದು ಸುಮಾರು ಐದು ಸಾವಿರ ಮೈಲಿ. 1917ರ ಬೇಸಗೆಯಲ್ಲಿ ಇಬ್ಬರೂ ಬರ್ಜಸ್ ಕಲ್ಲುಗಣಿಯಲ್ಲಿ ಕೆಲಸಮಾಡಿದರು. ಅದೇ ವರ್ಷದ ಡಿಸೆಂಬರಿನಲ್ಲಿ ವಾಲ್ಕಾಟರ ಮಗ ಸ್ಟೂಅರ್ಟನು ಫ್ರಾನ್ಸ್ ದೇಶದ ಮೇಲಣ ವಿಮಾನಯುದ್ಧದಲ್ಲಿ ಮಡಿದನು.

ಚಿತ್ರಗಳು ನೂರಾರು ಸೇರಿದವು. ಅವನ್ನು ಮುದ್ರಿಸುವುದು ಬೇರೊಂದು ಕಷ್ಟ. ಆ ಕಾಲದಲ್ಲಿ ಬಣ್ಣದ ಚಿತ್ರಗಳನ್ನು ಜೇಡಿಯ ಲೇಪವಿರುವ ಹೊಳಪು ಕಾಗದದ ಮೇಲೆ ಅಚ್ಚುಮಾಡುತ್ತಿದ್ದರು. ಅಂಥ ಕಾಗದವು ಹೆಚ್ಚುಕಾಲ ಬಾಳುವುದಿಲ್ಲ. ಜಲವರ್ಣದ ಮೃದುತ್ವವೂ ಅದರಲ್ಲಿ ಸತ್ತುಹೋಗುವುದು. ವಿಲಿಯಂ ಎಡ್ವಿನ್ ರಜ್ ಎಂಬ ಮುದ್ರಣಕಾರರು ಹೊಸದೊಂದು ವಿಧಾನವನ್ನು ಸಿದ್ಧಗೊಳಿಸಿ, ಬಟ್ಟೆಯ ನಾರಿನಿಂದ ತಯಾರಾದ ಉತ್ತಮ ಕಾಗದದ ಮೇಲೆ ಮೂಲಚಿತ್ರದ ಬಣ್ಣಗಳನ್ನು ಇಳಿಸಿಕೊಟ್ಟರು. ಉತ್ತರ ಅಮೆರಿಕದ ಕಾಡುಹೂಗಳೆಂಬ ಗ್ರಂಥದ ಮೊದಲ ಸಂಪುಟವು 1925ರಲ್ಲಿ ಸ್ಮಿತ್ಸೋನಿಯನ್ ಸಂಸ್ಥೆಯಿಂದ ಹೊರಟಿತು. ಒಟ್ಟು ಐದು ಸಂಪುಟಗಳು, ನಾನೂರು ಚಿತ್ರಪಟಗಳು. ಪ್ರತಿಯೊಂದಕ್ಕೂ ಗಿಡವು ದೊರೆತ ಸ್ಥಳ ಮತ್ತು ಅದರ ಸ್ವಭಾವವನ್ನು ತಿಳಿಸುವ ಸಣ್ಣ ವಿವರಣೆ. ಪಟಗಳನ್ನು ಹೊಲಿಯದೆ ಬಿಡಿಯಾಗಿಯೇ ಇಟ್ಟಿದ್ದರಿಂದ ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಬಹುದಾಗಿತ್ತು. ಸಂಪುಟಗಳೆಲ್ಲವೂ ಹೊರಬರುವ ಮೊದಲೇ, 1927ರ ಫೆಬ್ರವರಿಯಲ್ಲಿ ವಾಲ್ಕಾಟರು ತೀರಿಕೊಂಡರು. ಅದೇ ವರ್ಷ ತಮ್ಮನಾದ ಜಾರ್ಜನೂ ತೀರಿಕೊಂಡನು. ಉಳಿದ ಸಂಪುಟಗಳನ್ನು ಮೇರಿಯು ಒಬ್ಬಳೇ ನಿಂತು ಪೂರೈಸಿದಳು.

ವಯಸ್ಸಾಯಿತೆಂದು ಆಕೆಯು ಮನೆಯಲ್ಲಿ ಕೂಡ್ರಲಿಲ್ಲ. ಅಮೆರಿಕದ ಮೂಲನಿವಾಸಿಗಳ ಸ್ಥಿತಿಗತಿಗಳನ್ನು ವಿಚಾರಿಸುವ ಸರಕಾರದ ಮಂಡಲಿಯಲ್ಲಿ 1927ರಿಂದ 1932ರವರೆಗೆ ಸದಸ್ಯೆಯಾಗಿ, ಅವರ ವಸತಿಗಳಿಗೆ ದೂರದೂರದ ಪ್ರಯಾಣಗಳನ್ನು ಮಾಡಿದಳು. 1933ರಲ್ಲಿ ಭೂಶೋಧಕ ಸ್ತ್ರೀಯರ ಸಂಘದ ಅಧ್ಯಕ್ಷಿಣಿಯಾದಳು. ಕೀಟಗಳನ್ನು ಹಿಡಿದು ತಿನ್ನುವ ಹೂಜಿಗಿಡಗಳ ಚಿತ್ರಗಳನ್ನು ಒಳಗೊಂಡ ಪುಸ್ತಕವು 1935ರಲ್ಲಿ ಪ್ರಕಟವಾದಾಗ ಆಕೆಗೆ ಎಪ್ಪತ್ತೈದು ವರ್ಷ. 1940ನೆಯ ಇಸವಿ ಆಗಸ್ಟ್ 22ರಂದು, ಕೆನಡಾ ದೇಶದ ಪೂರ್ವತೀರದಲ್ಲಿರುವ ಸೇಂಟ್ ಆಂಡ್ರೂಸ್ ಎಂಬಲ್ಲಿ ಮೇರಿಯು ದೈವಾಧೀನಳಾದಳು. ರಾಕಿ ಪರ್ವತಗಳ ಎತ್ತರದ ಹುಲ್ಲುಗಾವಲುಗಳಲ್ಲಿ ಅದು ಹೂವಿನ ಕೊನೆಯ ವಾರಗಳು.

ಆಕೆಯು ಬರೆದ ಮೂಲಚಿತ್ರಗಳು ಸ್ಮಿತ್ಸೋನಿಯನ್ ಸಂಸ್ಥೆಯ ವಶದಲ್ಲಿವೆ. ಬರ್ಜಸ್ ಕಣಿವೆದಾರಿಯನ್ನು ಇಂದಿಗೂ ನಡೆದು ಹತ್ತಬಹುದು. ಆದರೆ ಕಲ್ಲುಗಣಿಯ ಬಳಿಗೆ ಮಾರ್ಗದರ್ಶಿಯೊಡನೆ ಮಾತ್ರ ಬಿಡುತ್ತಾರೆ. ಆ ರಾಷ್ಟ್ರೀಯ ಉದ್ಯಾನಗಳಲ್ಲಿ ಹೂ ಕೀಳುವುದು ಈಗ ಅಪರಾಧವಾದುದರಿಂದ, ಚಿತ್ರ ಬರೆಯುವವರು ಗಿಡದ ಮುಂದೆಯೇ ಮೊಣಕಾಲೂರಿ ಬರೆಯಬೇಕು. ಗ್ಲೇಷಿಯರ್ ಹೌಸ್ 1925ರಲ್ಲಿ ಮುಚ್ಚಿತು. ಅದರ ಅಡಿಪಾಯದ ಕಲ್ಲುಗಳು ಕಾಡಿನ ನಡುವೆ ಉಳಿದಿವೆ. ಅಕ್ಕ ತಮ್ಮಂದಿರು ಅಳೆದ ಹಿಮನದಿಯು 1887ರಲ್ಲಿದ್ದ ಸ್ಥಳದಿಂದ ಒಂದು ಕಿಲೋಮೀಟರಿಗೂ ಮಿಕ್ಕಿ ಮೇಲಕ್ಕೆ ಸರಿದಿದೆ. ಆ ಮನೆತನದ ಮುಂದಿನ ತಲೆಮಾರಿನವರು ಅದೇ ನೆಲೆಗಳಲ್ಲಿ ನಿಂತು ಪುನಃ ಛಾಯಾಚಿತ್ರ ತೆಗೆದಿದ್ದಾರೆ. ಮೇರಿಯ ಚಿತ್ರಗಳಲ್ಲಿ ಮಂಜುಗಡ್ಡೆಯಿದ್ದ ಕಡೆ ಅವರ ಚಿತ್ರಗಳಲ್ಲಿ ಬಂಡೆಗಳಿವೆ, ಬಂಡೆಗಳ ನಡುವೆ ಗಿಡಗಳು ಎದ್ದಿವೆ.